ಚಪ್ಪಾಳೆಗೆ ಕಾಯದ ಗಾಯನ

ಮಲ್ಲಿಕಾರ್ಜುನ ಮನ್ಸೂರರು ಸಂಪೂರ್ಣ ಮಾಲಕೌಂಸ್ ಎತ್ತಿಕೊಂಡರೆ ಮೊದಲ ಕೆಲವು ಆವರ್ತನಗಳಲ್ಲೇ ರಾಗ ಎದುರಿಗಿರುತ್ತದೆ. ಎಲ್ಲರೂ ಬಲ್ಲ ಮಾಲಕೌಂಸ್‌ನಲ್ಲಿ ರಿಷಭ, ಪಂಚಮಗಳಿಲ್ಲ. ಇಲ್ಲಿ ಎರಡೂ ಬಂದು ಸೇರುತ್ತವೆ. ಕೇಳುಗನ ಕಿವಿ ಹೊಂದಿಕೊಳ್ಳಲೆಂದು ಅವರು ನಿಲ್ಲುವುದಿಲ್ಲ. ದೀರ್ಘ ಆಲಾಪವಿಲ್ಲ, ಸರಗಮ್‌ನ ಮೆರವಣಿಗೆಯಿಲ್ಲ, ತಬಲಾದವರೊಡನೆ ಸವಾಲ್-ಜವಾಬ್ ಇಲ್ಲ. ಆಕಾರದ ತಾನುಗಳು ತೀನ್‌ತಾಲದ ಲಯಕ್ಕೆ ಹೆಣೆದುಕೊಂಡೇ ಹೊರಡುತ್ತವೆ. ವಕ್ರವಾಗಿ ಸುತ್ತಿ, ಮುಖಡಾ ಎಲ್ಲಿ ಹಿಡಿದರೆಂದು ತಿಳಿಯುವ ಮೊದಲೇ ಸಮಕ್ಕೆ ಬಂದಿರುತ್ತವೆ. ಚಪ್ಪಾಳೆ ತಟ್ಟಲು ಅಲ್ಲಿ ಬಿಡುವೇ ಇಲ್ಲ.

ಈ ಗಾಯನ ಸುಮ್ಮನೆ ಬಂದದ್ದಲ್ಲ. ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಗ್ರಾಮಫೋನ್ ರೆಕಾರ್ಡುಗಳಿಂದ ಹೆಸರಾಗಿದ್ದ ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತರು. 1937ರಲ್ಲಿ ಮಂಜೀ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜೀ ಖಾನರಲ್ಲಿ ಕಲಿಕೆ ಮುಂದುವರಿಯಿತು. ಜನ ಒಪ್ಪಿದ ತನ್ನ ಹಾಡಿಕೆಯನ್ನು ತಾನೇ ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳುವುದಿದೆಯಲ್ಲ, ಅವರ ಪ್ರಾಮಾಣಿಕತೆಯ ಬೇರು ನನಗೆ ಕಾಣುವುದು ಅಲ್ಲಿ. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ.

ಅವರನ್ನು ಅಪರೂಪದ ರಾಗಗಳ ಗಾಯಕರೆಂದು ಹೊಗಳಿ ಸುಮ್ಮನಾಗುವುದು ಅನ್ಯಾಯ. ಅಪರೂಪವೂ ಮಾರಾಟದ ಸರಕಾಗಬಲ್ಲದು. ಅನವಟ (ಅಪರೂಪದ) ರಾಗದ ಹೆಸರು ಘೋಷಿಸಿ, ಸ್ವರಪಟ್ಟಿ ಒಪ್ಪಿಸಿ ಏಳುವವರನ್ನೂ ಕೇಳಿದ್ದೇವೆ. ಮನ್ಸೂರರ ಏಕ್ ನಿಷಾದ್ ಬಿಹಾಗಡಾದಲ್ಲಿ ಕೋಮಲ ನಿಷಾದ ಬಿಟ್ಟುಹೋದದ್ದು ಕೊರತೆಯೆನಿಸುವುದಿಲ್ಲ. ಬಸಂತಿ ಕೇದಾರದಲ್ಲಿ ಎರಡು ರಾಗಗಳ ಹೊಲಿಗೆ ಹುಡುಕಿದರೂ ಸಿಗದು. ಬಹುಕಾಲ ಆ ರಾಗಗಳ ಜೊತೆ ಬಾಳಿದವರಿಗೆ ಮಾತ್ರ ಈ ಸಲುಗೆ ಸಾಧ್ಯ.

ತಕರಾರೂ ಇದೆ. ಖಯಾಲಿನಲ್ಲಿ ಅವರ ಬಂದಿಶ್‌ನ ಶಬ್ದಗಳು ಎಷ್ಟೋ ಸಲ ಸ್ವರದಲ್ಲಿ ಮುಳುಗಿಹೋಗುತ್ತವೆ. ಸಂಕೀರ್ಣ ರಾಗವನ್ನು ಅವರು ಇಪ್ಪತ್ತೇ ನಿಮಿಷಕ್ಕೆ ಮುಗಿಸಿದಾಗ ಹೊಸ ಕೇಳುಗ ಕೈಬಿಟ್ಟುಹೋದಂತೆ ಕಂಗಾಲಾಗುತ್ತಾನೆ. ಈ ಗಾಯನ ಕೇಳುಗನಿಂದಲೂ ದುಡಿಮೆ ಕೇಳುತ್ತದೆ, ರಿಯಾಯಿತಿ ಕೊಡುವುದಿಲ್ಲ. ಆದರೆ ಅದೇ ಮನ್ಸೂರರು ವಚನ ಹಾಡುವಾಗ ಕೇಳಿ: ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ತಾನುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ರಾಗದ ಗಂಧವಿಲ್ಲದವರೂ ಆ ವಚನಗಳನ್ನು ಎದೆಗೆ ಹಚ್ಚಿಕೊಂಡರು. ಅದಕ್ಕಾಗಿ ಅವರು ರಾಗವನ್ನು ತೆಳುವಾಗಿಸಲಿಲ್ಲ. ಶರಣರ ಮಾತು ಅವರಿಗೆ ಬದುಕೇ ಆಗಿತ್ತು, ಹಾಗಾಗಿ ಮಾತನ್ನು ಮುಂದಿಟ್ಟರು.