ತಾವೇ ಕುಡಿಯುವ ಗುಟುಕು

ಕುಮಟಾ, ಹೊನ್ನಾವರ, ಭಟ್ಕಳದ ಬೇಸಿಗೆಯಲ್ಲಿ ಕೂತಲ್ಲೇ ಬೆವರಿಳಿಯುತ್ತದೆ. ಕೈ ಎತ್ತಲಾಗದವರಿಗೆ ಆಗ ಬಾಯಾರಿಕೆಯ ಜೊತೆಗೆ, ಪ್ರತಿ ಗುಟುಕಿಗೂ ಇನ್ನೊಬ್ಬರನ್ನು ಕರೆಯಬೇಕಲ್ಲ ಎಂಬ ಸಂಕೋಚ. ಅದಕ್ಕೇ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ.

ಅಂಥವರಿಗಾಗಿ ಮನೆಯಲ್ಲೇ ಮಾಡುವ ಸಾಧನಗಳ ಬಗ್ಗೆ ನನಗೆ ಅಪಾರ ಗೌರವ. ಕೈ ನಡುಗುವವರ ಲೋಟಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಜಾರುವುದಿಲ್ಲ. ಕತ್ತು ಹಿಂದಕ್ಕೆ ಬಾಗದವರಿಗೆ ಪ್ಲಾಸ್ಟಿಕ್ ಲೋಟದ ಒಂದು ಬದಿಯನ್ನು ಮೂಗಿನಗಲಕ್ಕೆ ಅರ್ಧಚಂದ್ರದಂತೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡುತ್ತಾರೆ. ಎದುರು ಬದಿಯಿಂದ ಕುಡಿದರೆ ಮೂಗು ಆ ಜಾಗದಲ್ಲಿ ಕೂರುತ್ತದೆ, ತಲೆ ಎತ್ತದೆಯೇ ಲೋಟ ಬರಿದಾಗುತ್ತದೆ. ಎಂಥ ಜಾಣ್ಮೆ!

ಕೈಯೇ ಆಡದವರಿಗೆ ನಳಿಕೆ. ಮುಚ್ಚಳಕ್ಕೆ ತೂತು ಕೊರೆದ ಬಾಟಲಿ, ಒಳಗೆ ಉದ್ದ ನಳಿಕೆ, ಅದರ ತುದಿ ಬಾಯಿಯ ಬಳಿ ನಿಲ್ಲಲು ಮಂಚಕ್ಕೆ ಕಟ್ಟಿದ ದಪ್ಪ ತಂತಿ. ಗಾಳಿಗೆ ಇನ್ನೊಂದು ಸಣ್ಣ ತೂತು ಬೇಕೇ ಬೇಕು, ಇಲ್ಲದಿದ್ದರೆ ಎಷ್ಟು ಎಳೆದರೂ ನೀರು ಬರದು. ಬಾಟಲಿ ಬಾಯಿಗಿಂತ ಕೆಳಗಿರಬೇಕು. ಮೇಲಿದ್ದರೆ ಎಳೆಯುವುದು ನಿಲ್ಲಿಸಿದರೂ ಹರಿಯುತ್ತಲೇ ಇರುತ್ತದೆ. ಮುರುಗಲ ಪಾನಕ, ಮಜ್ಜಿಗೆ ಸಲೀಸಾಗಿ ಏರುತ್ತವೆ. ಗಂಜಿಯ ಅಗುಳು ಸಿಕ್ಕಿಕೊಳ್ಳುತ್ತದೆ.

ಬಾಗುವ ಸ್ಟ್ರಾಗೆ ಅಮೆರಿಕದ ಜೋಸೆಫ್ ಫ್ರೀಡ್‌ಮನ್ 1937ರಲ್ಲಿ ಪೇಟೆಂಟ್ ಪಡೆದ. ಅದನ್ನು ಮೊದಲು ಕೊಂಡದ್ದು ಆಸ್ಪತ್ರೆ, 1947ರಲ್ಲಿ. ನಮ್ಮ ಒಳಲೆ, ಕೊಕ್ಕಿನ ಗಿಂಡಿಗಳೂ ಇದೇ ಕುಲದವು. ಆದರೆ ಅವನ್ನು ಎತ್ತಿ ಹಿಡಿಯಲು ಕೈ ಬೇಕು.

ನುಂಗಲು ಕಷ್ಟವಿರುವವರು, ಪಾರ್ಶ್ವವಾಯು ಆದವರು ನಳಿಕೆ ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ದಿನವೂ ಅದನ್ನು ಬಿಸಿನೀರಲ್ಲಿ ತೊಳೆದು ಒಣಗಿಸಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಬೇಗ ಲೋಳೆಗಟ್ಟುತ್ತದೆ.