ಗಲ್ಲಾದ ಹಿಂದೆ ಕೂತವರ ನೈಟ್ ಮಾರ್ಕೆಟ್

ತೈಪೆಯ ನೈಟ್ ಮಾರ್ಕೆಟ್ ಬಗ್ಗೆ ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೊ ನೋಡಿದವರು ಐದನೆಯದರಲ್ಲಿ ಏನಿರುತ್ತೆ ಅಂತ ನೋಡದೇ ಹೇಳಬಹುದು. ರಾವ್‌ಹ ಮಾರ್ಕೆಟ್ಟಿನಲ್ಲಿ ತಂದೂರಿನಂಥ ಒಲೆಯ ಗೋಡೆಗೆ ಅಂಟಿಸಿ ಬೇಯಿಸೋ ಮೆಣಸಿನ ಬನ್ನು, ಶಿಲಿನ್‌ನಲ್ಲಿ ಮುಖದಗಲದ ಫ್ರೈಡ್ ಚಿಕನ್, ಮೂಗು ಮುಚ್ಚಿಕೊಂಡು ತಿನ್ನೋ ಸ್ಟಿಂಕಿ ಟೋಫು, ಕೊನೆಗೆ ಫೋನ್ ಕವರು, ಸಾಕ್ಸು. 2018ರಲ್ಲಿ ಮಿಶೆಲಿನ್ ಗೈಡ್ ತೈಪೆಗೆ ಬಂದಾಗ ಇಂಥ ಮಾರ್ಕೆಟ್ಟಿನ ಅಂಗಡಿಗಳೂ ಅದರ ಬಿಬ್ ಗೂರ್ಮಾಂಡ್ ಪಟ್ಟಿ ಸೇರಿದವು. ಆದರೆ ಈ ವಿಡಿಯೊಗಳಲ್ಲಿ ಕ್ಯಾಮೆರಾ ಇರೋದು ಗಿರಾಕಿಯ ಕೈಯಲ್ಲಿ. ಮಾರುವವರು ಎರಡು ಸೆಕೆಂಡ್ ನಕ್ಕು ಮಾಯವಾಗ್ತಾರೆ.

ಶಿಹ್-ಚಿಂಗ್ ತ್ಸೌ ನಿರ್ದೇಶನದ ‘ಲೆಫ್ಟ್-ಹ್ಯಾಂಡೆಡ್ ಗರ್ಲ್’ (2025) ಇಷ್ಟವಾಗೋದು ಇಲ್ಲೇ. ಅದು ಕ್ಯಾಮೆರಾವನ್ನು ಅಂಗಡಿಯೊಳಗೆ ತರುತ್ತೆ. ಶು-ಫೆನ್ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತೈಪೆಗೆ ವಾಪಸಾಗಿ ನೈಟ್ ಮಾರ್ಕೆಟ್ಟಿನಲ್ಲಿ ನೂಡಲ್ಸ್ ಅಂಗಡಿ ಹಾಕ್ತಾಳೆ. ಬಾಡಿಗೆ ಬಾಕಿ ಬೀಳುತ್ತೆ. ಬಿಟ್ಟುಹೋದ ಗಂಡ ಸಾಯುವ ಸ್ಥಿತಿಯಲ್ಲಿದ್ದಾನೆ, ಅದರ ಖರ್ಚೂ ಇವಳ ತಲೆಗೇ. ನಾವು ‘ಅಟ್ಮಾಸ್ಫಿಯರ್’ ಅಂತ ಫೋಟೊ ತೆಗೆಯೋ ಹಬೆ, ನಿಯಾನ್ ಬೆಳಕು, ಗದ್ದಲ ಇವಳಿಗೆ ತಿಂಗಳ ಲೆಕ್ಕ, ಅಷ್ಟೇ.

ದೊಡ್ಡ ಮಗಳು ಅಡಿಕೆ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ತೈವಾನಿನಲ್ಲಿ ಅಡಿಕೆಯೂ ಬೀದಿ ವ್ಯಾಪಾರವೇ. ಕಡಿಮೆ ಬಟ್ಟೆಯ ಹುಡುಗಿಯರನ್ನು ಕೂರಿಸಿ ಗಿರಾಕಿ ಸೆಳೆಯುವ ಪದ್ಧತಿ ಅಲ್ಲಿದೆ. ಅಡಿಕೆ ಅಂದರೆ ತೋಟ, ರೇಟು, ಸಂಭಾವನೆ ಅಂತಷ್ಟೇ ಗೊತ್ತಿರೋ ಮಲೆನಾಡಿನ ನೋಡುಗರಿಗೆ ಈ ದೃಶ್ಯಗಳು ಕಸಿವಿಸಿ ಮಾಡೋದು ಖಂಡಿತ.

ಚಿಕ್ಕವಳು ಐ-ಜಿಂಗ್ ಎಡಚಿ. ಎಡಗೈ ದೆವ್ವದ ಕೈ ಅಂತ ಅಜ್ಜ ಗದರ್ತಾನೆ. (ಎಡಗೈಯಲ್ಲಿ ಕೊಡಬೇಡ ಅಂತ ಬೈಸಿಕೊಂಡ ನಮಗೆ ಇದಕ್ಕೆ ಸಬ್‌ಟೈಟಲ್ ಬೇಡ.) ಮಗು ಅದನ್ನು ನಂಬಿ ಮಾರ್ಕೆಟ್ಟಿನಲ್ಲಿ ಕದಿಯೋಕೆ ಶುರುಮಾಡುತ್ತೆ: ಕದ್ದಿದ್ದು ನಾನಲ್ಲ, ಆ ಕೈ! ಕಂಡಿದ್ದನ್ನೆಲ್ಲ ಕೈಗೆತ್ತಿಕೊಳ್ಳಲಿ ಅಂತಲೇ ಸಾಮಾನು ಹರಡಿಟ್ಟ ಜಾಗ ಅದು. ಕೊಳ್ಳೋಕೆ ದುಡ್ಡಿಲ್ಲದ ಮಗುವಿಗೆ ಶಾಪಿಂಗ್ ಅಂದರೆ ಏನು ಅನ್ನೋದನ್ನ ತ್ಸೌ ಭಾಷಣವಿಲ್ಲದೆ ತೋರಿಸ್ತಾರೆ.

ಸಿನಿಮಾವನ್ನು ಐಫೋನಿನಲ್ಲಿ ಶೂಟ್ ಮಾಡಿದ್ದಾರೆ. ಇದು ಗಿಮಿಕ್ ಅಲ್ಲ. ದೊಡ್ಡ ಕ್ಯಾಮೆರಾ ನುಗ್ಗಲಾರದ ಓಣಿಯಲ್ಲಿ ಫೋನು ಮಗುವಿನ ಎತ್ತರಕ್ಕೆ ಇಳಿದು ಓಡಬಲ್ಲದು. ಸಹಲೇಖಕ, ಸಂಕಲನಕಾರ ಶಾನ್ ಬೇಕರ್ ಜೊತೆ ತ್ಸೌ 2004ರಲ್ಲೇ ‘ಟೇಕ್ ಔಟ್’ ಮಾಡಿದ್ದರು. ಅದು ನ್ಯೂಯಾರ್ಕಿನಲ್ಲಿ ಊಟ ಡೆಲಿವರಿ ಮಾಡುವ ಚೀನೀ ವಲಸಿಗನೊಬ್ಬನ ಸಾಲದ ಕತೆ. ದುಡಿಯುವವರ ದುಡ್ಡಿನ ಚಿಂತೆ ಇವರಿಗೆ ಹೊಸ ವಿಷಯವಲ್ಲ.

ಅದಕ್ಕೇ ಕೊನೆಯ ಭಾಗ ನಿರಾಸೆ ಮಾಡುತ್ತೆ. ಕತೆ ಮಾರ್ಕೆಟ್ ಬಿಟ್ಟು ಅಜ್ಜಿಯ ಅರವತ್ತರ ಹುಟ್ಟುಹಬ್ಬದ ಔತಣಕ್ಕೆ ಹೋಗಿ, ಮನೆಯ ಗುಟ್ಟೊಂದನ್ನು ಎಲ್ಲರೆದುರು ಸ್ಫೋಟಿಸುತ್ತೆ. ನಮ್ಮ ಸೀರಿಯಲ್ಲುಗಳ ಮದುವೆಮನೆ ಎಪಿಸೋಡ್ ನೆನಪಾಗುತ್ತೆ. ನಟಿಯರು ಅದನ್ನು ದಾಟಿಸ್ತಾರೆ ನಿಜ. ಆದರೆ ಅಷ್ಟು ಹೊತ್ತು ಕತ್ತು ಹಿಡಿದಿದ್ದ ಬಾಡಿಗೆ ಹಿಂದೆ ಸರಿದುಬಿಡುತ್ತೆ. ಗುಟ್ಟು ಬಯಲಾದರೆ ಸಾಕೆ? ಮರುದಿನ ಸಂಜೆ ಅಂಗಡಿ ತೆರೆಯಲೇಬೇಕಲ್ಲ.

ಆದರೂ ತೈಪೆಗೆ ಟಿಕೆಟ್ ಬುಕ್ ಮಾಡಿದವರು ಹೊರಡೋ ಮೊದಲು ಇದನ್ನು ನೋಡಿ. ಏನು ತಿನ್ನಬೇಕು ಅನ್ನೋ ಪಟ್ಟಿ ನಿಮ್ಮ ಹತ್ರ ಹೇಗೂ ಇರುತ್ತೆ. ಕಾಸು ಕೊಡುವಾಗ ಒಲೆಯ ಹಿಂದೆ ಸ್ಟೂಲಿನ ಮೇಲೆ ಯಾವುದಾದರೂ ಮಗು ಕೂತಿದ್ದರೆ, ಈ ಸಿನಿಮಾ ನೋಡಿದವರ ಕಣ್ಣಿಗೆ ಅದು ಬಿದ್ದೇ ಬೀಳುತ್ತೆ.