ಲಿಪಿಯಿಲ್ಲದ ನುಡಿಯೂ ಅಲ್ಪಸಂಖ್ಯಾತರ ಹಕ್ಕೂ: ತಾಂಡಾಗಳ ಲಂಬಾಣಿಯನ್ನು ಕುರಿತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯ ತಾಂಡಾಗಳ ಮನೆಮಾತಾದ ಲಂಬಾಣಿಯು (ಗೋರ್‌ಬೋಲಿ) ಕನ್ನಡ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಜಾನಪದದ ಸಾಮಗ್ರಿಯಾಗಿ ಬಂದಿದೆ; ಹಕ್ಕುಳ್ಳ ಭಾಷೆಯಾಗಿ ಬಂದಿರುವುದು ವಿರಳ.

ಸಂವಿಧಾನದ 29ನೆಯ ವಿಧಿಯು ಪ್ರತ್ಯೇಕ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ಜನವರ್ಗಕ್ಕೆ ಅದನ್ನು ಕಾಪಾಡಿಕೊಳ್ಳುವ ಹಕ್ಕನ್ನು ನೀಡಿದೆ. ಇಲ್ಲಿನ 'ಅಥವಾ' ಎಂಬ ಪದ ಮುಖ್ಯವಾದುದು. ಸ್ವಂತ ಲಿಪಿಯಿಲ್ಲವೆಂಬ ಕಾರಣದಿಂದ ಯಾವ ನುಡಿಯೂ ಈ ರಕ್ಷಣೆಯಿಂದ ಹೊರಗುಳಿಯುವುದಿಲ್ಲ. 1956ರಲ್ಲಿ ಸೇರ್ಪಡೆಯಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ.

ಆಚರಣೆಯಲ್ಲಿ ಸ್ಥಿತಿ ಬೇರೆಯೇ ಆಗಿದೆ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನರು ಲಂಬಾಣಿಯನ್ನು ಮಾತೃಭಾಷೆಯೆಂದು ಬರೆಸಿದರೂ ಅವರನ್ನು ಹಿಂದಿ ಭಾಷಿಕರ ಲೆಕ್ಕಕ್ಕೆ ಸೇರಿಸಲಾಯಿತು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಈ ಮನ್ನಣೆಗಳು ಅಗತ್ಯವಾದವೇ. ಆದರೆ ಇವುಗಳಿಂದ ನುಡಿಯ ಹಕ್ಕು ತಾನಾಗಿ ದೊರೆಯುವುದಿಲ್ಲ.

ಕರ್ನಾಟಕ ಸರ್ಕಾರದ 1994ರ ಭಾಷಾನೀತಿಯು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ವಿಧಿಸಿತು. ಮಾಧ್ಯಮದ ಆಯ್ಕೆ ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಈ ಇಪ್ಪತ್ತು ವರ್ಷಗಳ ಚರ್ಚೆ ಬಹುತೇಕ ಕನ್ನಡ ಮತ್ತು ಇಂಗ್ಲಿಷುಗಳ ನಡುವೆಯೇ ನಡೆಯಿತು. ತಾಂಡಾದ ಮಗುವಿಗೆ ಕನ್ನಡವೂ ಕಲಿತು ಪಡೆಯಬೇಕಾದ ನುಡಿ ಎಂಬ ಸಂಗತಿ ಎರಡು ಪಕ್ಷಗಳ ವಾದದಲ್ಲಿಯೂ ಹಿಂದೆ ಸರಿಯಿತು. ಹೆತ್ತವರೊಂದಿಗೆ ಗುಳೆ ಹೋಗಿ ಶಾಲೆ ತಪ್ಪಿಸಿಕೊಳ್ಳುವ ಮಗುವಿಗಂತೂ ಇದು ಇಮ್ಮಡಿ ನಷ್ಟ.

ವಿದ್ವತ್ತಿನ ಹೊಣೆಯೂ ಇಲ್ಲಿದೆ. ತೀಜ್ ಹಬ್ಬದ ಹಾಡುಗಳು, ತವರು ಬಿಡುವ ಮದುಮಗಳ ಢಾವಲೋ ಅಳಲು ಸಂಗ್ರಹಯೋಗ್ಯವೆನಿಸಿವೆ. ನಾಯಕ, ಡಾವ, ಕಾರಭಾರಿಗಳು ಕೂಡಿ ನಡೆಸುವ ಪಂಚಾಯಿತಿಯಲ್ಲಿ ವಾದ, ಸಾಕ್ಷಿ, ತೀರ್ಮಾನಗಳನ್ನು ಹೊತ್ತ ಅದೇ ನುಡಿಗೆ ಅಷ್ಟು ಗಮನ ಸಂದಿಲ್ಲ. ಹಾಡಿನ ಮೂಲಪಾಠವನ್ನು ಕೈಬಿಟ್ಟು ಕನ್ನಡ ಅನುವಾದವನ್ನಷ್ಟೇ ಅಚ್ಚಿಸಿದಾಗ ನುಡಿಯೇ ದಾಖಲೆಯಿಂದ ಮರೆಯಾಗುತ್ತದೆ. ಕನ್ನಡ ಲಿಪಿಯಲ್ಲಿ ಮೂಲಪಾಠ, ಪದಕೋಶ, ಮೊದಲ ತರಗತಿಗಳಿಗೆ ದ್ವಿಭಾಷಾ ಪಾಠ: ಇವು ಸಾಧ್ಯವಾದ ಕೆಲಸಗಳು. ಕಾಸರಗೋಡಿನ ಕನ್ನಡಿಗರಿಗಾಗಿ ಕನ್ನಡ ನಾಡು ಕೇಳುತ್ತ ಬಂದಿರುವ ನ್ಯಾಯವು ಹಡಗಲಿಯ ತಾಂಡಾಕ್ಕೂ ಸಲ್ಲತಕ್ಕದ್ದು.